ಇಪ್ಪತ್ತೊಂಬತ್ತು ಅಕ್ಷರದ ಕಾಕಾ

ಬೈಲಹೊಂಗಲದ ಬಸ್‌ಸ್ಟ್ಯಾಂಡು, ರಾಮದುರ್ಗದ ಚಾದಂಗಡಿ, ಸವದತ್ತಿಯ ಕ್ಷೌರದಂಗಡಿಯ ಬಾಕು, ಎಲ್ಲಿಗೆ ಬೇಕಾದರೂ ಹೋಗಿ, ಒಬ್ಬ ಡಿಕ್ಷನರಿ ಕಾಕಾ ಇದ್ದೇ ಇರುತ್ತಾರೆ. ಬಿಳಿ ಧೋತರ, ಗಾಂಧಿ ಟೊಪ್ಪಿಗೆ, ಎದೆಯ ಕಿಸೆಯಲ್ಲಿ ಎಂದೋ ಮುಗಿದ ವರ್ಷದ ಎಲ್‌ಐಸಿ ಡೈರಿ. ಶಾಲೆಯ ಚೀಲ ಹೊತ್ತ ಹುಡುಗ ಕಣ್ಣಿಗೆ ಬಿದ್ದರೆ ಸಾಕು, ಯಾವೂರು, ಯಾರ ಮಗ ಎಂಬ ಮಾಮೂಲಿ ವಿಚಾರಣೆಯೂ ಇಲ್ಲ.

"ತಮ್ಮಾ, ಎ, ಇ, ಐ, ಓ, ಯು, ಐದೂ ಹಿಂಗ ಸಾಲಾಗಿ ಬರೂವಂಥಾ ಶಬ್ದ ಒಂದ ಹೇಳ ನೋಡೂಣು."

ಹುಡುಗ ಬಸ್ಸು ಬರುವ ದಿಕ್ಕಿಗೆ ಮುಖ ಮಾಡುತ್ತಾನೆ. ಬಸ್ಸು ಬರುವುದಿಲ್ಲ.

"ಫಸೀಶಸ್! ಅಂದ್ರ ಹೊತ್ತುಗೊತ್ತು ಇಲ್ದ ಚಾಷ್ಟಿ ಮಾಡೂದು. ಇನ್ನೊಂದೈತಿ, ಆ್ಯಬ್‌ಸ್ಟೀಮಿಯಸ್. ಅಂದ್ರ ಉಣ್ಣೂದು ಕುಡಿಯೂದ್ರಾಗ ಹಿಡಿತ."

ಈ ಎರಡನೆಯ ಶಬ್ದವನ್ನು ಅವರು ವಿವರಿಸಿದ್ದನ್ನು ನಾನು ಕೇಳಿದ್ದು ಮದುವೆಯ ಪಂಕ್ತಿಯಲ್ಲಿ. ಗೋದಿ ಹುಗ್ಗಿಯ ಬಕೆಟ್ಟು ಎದುರಿಗೆ ಬಂದು ನಿಂತಿತ್ತು. ಕಾಕಾ ಒಂದು ಕೈಯಲ್ಲಿ ಸ್ಪೆಲ್ಲಿಂಗ್ ಎಣಿಸುತ್ತ, ಇನ್ನೊಂದು ಕೈಯಲ್ಲಿ "ಹಾಕು, ಹಾಕು, ತುಪ್ಪ ಎಲ್ಲಿ?" ಎನ್ನುತ್ತಿದ್ದರು. ಕೊನೆಯ ಎಸ್ ಬರುವಷ್ಟರಲ್ಲಿ ಮೂರನೆಯ ಸೌಟು ಬಿದ್ದಿತ್ತು.

ಕಾಕಾ ಐದನೇ ಇಯತ್ತೆಯಲ್ಲಿ ಎಬಿಸಿಡಿ ತಿದ್ದಿದ ತಲೆಮಾರಿನವರು. ನಮ್ಮ ಸರಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಗೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಷ್ಟೊತ್ತಿಗೆ ಕಾಕಾ ನಿವೃತ್ತರಾಗಿ, ಡೈರಿಯ ಅರ್ಧ ತುಂಬಿಸಿದ್ದರು. ಅದರಲ್ಲಿ ಶಬ್ದಗಳು ಅಕಾರಾದಿಯಾಗಿ ಇಲ್ಲ, ಬಳಗ ಬಳಗವಾಗಿವೆ. ಒಂದಕ್ಷರವೂ ಎರಡು ಸಲ ಬಾರದ ಹದಿನೈದು ಅಕ್ಷರದ 'ಅನ್‌ಕಾಪಿರೈಟೆಬಲ್' ಒಂದು ಪುಟ. ಐದರಲ್ಲಿ ಒಂದೂ ಸ್ವರವಿಲ್ಲದ 'ರಿದಮ್ಸ್' ಇನ್ನೊಂದು. ಓ ಎರಡು, ಕೆ ಎರಡು, ಇ ಎರಡು, ಹೀಗೆ ಮೂರು ಜೋಡಿ ಒಂದರ ಹಿಂದೊಂದು ಬರುವ 'ಬುಕ್‌ಕೀಪರ್' ಮತ್ತೊಂದು. ಇದನ್ನು ದಲಾಲಿ ಅಂಗಡಿಯ ಗುಮಾಸ್ತನಿಗೆ, ಹತ್ತಿಯ ಲೆಕ್ಕ ತಾಳೆಯಾಗದೆ ಅವನು ತಲೆ ಹಿಡಿದು ಕೂತಾಗಲೇ ಹೇಳಬೇಕೆಂದು ಕಾಕಾನಿಗೆ ತೋಚುವುದು.

ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದ ಪಾಳಿಯಲ್ಲಿ ನಿಂತಾಗಲೂ ಬಿಡುವುದಿಲ್ಲ. "ಪಾಳಿಗೆ ನಿಲ್ಲೂದಕ್ಕ ಕ್ಯೂಯಿಂಗ್ ಅಂತಾರ. ಅದರಾಗ ಐದು ಸ್ವರ ಒಂದರ ಬೆನ್ನ ಹಿಂದ ಒಂದು ನಿಂತಾವ, ಥೇಟ್ ನಮ್ಮಂಗ." ಮುಂದಿನ ಮುದುಕಿ ಭಂಡಾರದ ಕೈಯನ್ನು ಹಣೆಗೊತ್ತಿ "ಉಧೋ ಉಧೋ" ಎಂದಳು. ಶಬ್ದಕ್ಕೋ ದೇವಿಗೋ ತಿಳಿಯಲಿಲ್ಲ.

ಕಿತ್ತೂರಿನ ಕಾಕಾಗಳ ಗತ್ತೇ ಬೇರೆ. 1824ರ ಅಕ್ಟೋಬರ್ 23ರಂದು ಕೋಟೆಯೆದುರು ಸತ್ತುಬಿದ್ದ ಕಲೆಕ್ಟರ್ ಥ್ಯಾಕರೆ, ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಗೆ ಸ್ವಂತ ಕಾಕಾ ಆಗಬೇಕು. "ಹಂಗಾಗಿ ಇಂಗ್ಲಿಷು ನಾವು ಕಲತದ್ದಲ್ಲ, ಗೆದ್ದದ್ದು" ಎಂಬುದು ಅಲ್ಲಿನ ವಾದ.

ಇನ್ನು ಪಟ್ಟದ ಶಬ್ದ: ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್. ಇಪ್ಪತ್ತೊಂಬತ್ತು ಅಕ್ಷರ, ಒಂಬತ್ತು ಐ, ಔಷಧಕ್ಕೂ ಒಂದು ಇ ಇಲ್ಲ. ಅರ್ಥ, ಒಂದು ವಸ್ತುವನ್ನು ಕವಡೆ ಕಿಮ್ಮತ್ತಿಲ್ಲವೆಂದು ತಳ್ಳಿಹಾಕುವುದು. ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿದ್ದೀರಲ್ಲ, ಕಾಕಾ ಇದನ್ನು ಎತ್ತುವುದೂ ಹಾಗೆಯೇ. ಮೊದಲು ಚಾ ಕಪ್ಪು ಕೆಳಗಿಡುತ್ತಾರೆ, ಟೊಪ್ಪಿಗೆ ಸರಿ ಮಾಡಿಕೊಳ್ಳುತ್ತಾರೆ, ಉಸಿರು ಹಿಡಿಯುತ್ತಾರೆ, ಎತ್ತುತ್ತಾರೆ, ಭುಜದ ಮೇಲಿಂದ ಹಿಂದಕ್ಕೆ ಒಗೆಯುತ್ತಾರೆ. ಸುತ್ತ ಕೂತವರು "ಭಲೇ" ಎನ್ನುತ್ತಾರೆ. ಆ ಕಲ್ಲಿನಿಂದ ಯಾರೂ ಮನೆ ಕಟ್ಟಿಲ್ಲ. ಈ ಶಬ್ದದಿಂದ ಕಾಕಾ ಒಂದು ವಾಕ್ಯ ಕಟ್ಟಿದ್ದನ್ನೂ ಯಾರೂ ಕೇಳಿಲ್ಲ.

2018ರ ಅಕ್ಟೋಬರಿನಲ್ಲಿ ಶಶಿ ತರೂರ್ ತಮ್ಮ ಹೊಸ ಪುಸ್ತಕದ ಸುದ್ದಿ ಹೇಳುವಾಗ ಇದೇ ಶಬ್ದವನ್ನು ಬಳಸಿದರು. ಮರುದಿನ ದೇಶದ ಮೊಬೈಲುಗಳಲ್ಲೆಲ್ಲ ಅದೇ. ಕಾಕಾ ವಾರಗಟ್ಟಲೆ ಮಂಕಾಗಿದ್ದರು. ಜತನದಿಂದ ಕಾಯ್ದಿಟ್ಟದ್ದನ್ನು ತಿರುವನಂತಪುರದ ಎಂಪಿ ಹೀಗೆ ಊರ ಪಾಲು ಮಾಡಿದರೆ ಯಾರಿಗೆ ಬೇಜಾರಾಗುವುದಿಲ್ಲ?

ಅದಕ್ಕೇ ಅವರು ನಲವತ್ತೈದು ಅಕ್ಷರಕ್ಕೆ ಕೈಹಾಕಿದ್ದು. ನ್ಯೂಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್, ಅಂದರೆ ಜ್ವಾಲಾಮುಖಿಯ ನುಣ್ಣನೆಯ ಧೂಳು ಕುಡಿದು ಪುಪ್ಪುಸಕ್ಕೆ ಬರುವ ಬೇನೆ. 1935ರಲ್ಲಿ ಅಮೆರಿಕದ ಪದಬಂಧ ಹವ್ಯಾಸಿಗಳ ಸಂಘದ ಅಧ್ಯಕ್ಷರು ಉದ್ದವಾಗಿರಲಿ ಎಂದೇ ಹೊಸೆದ ಹೆಸರಿದು. ಡಾಕ್ಟರರು ಸಿಲಿಕೋಸಿಸ್ ಎಂದು ಕೈತೊಳೆದುಕೊಳ್ಳುತ್ತಾರೆ. ಕಾಕಾ ಮಾತ್ರ ಜೋಳದ ರಾಶಿ ಮಷಿನ್ನಿನ ಧೂಳಿಗೆ ಕೆಮ್ಮುತ್ತಿದ್ದ ಆಳಿಗೆ ಪೂರ್ತಿ ಹೆಸರನ್ನೇ ಹೇಳಿದರು.

"ನಮ್ಮಲ್ಲಿ ಜ್ವಾಲಾಮುಖಿ ಎಲ್ಲಿಂದ ಬರಬೇಕ್ರಿ ಕಾಕಾ?"

"ಹುಚ್ಚಪ್ಪಾ, ನೀ ನಿಂತ ಎರಿ ಮಣ್ಣು ಎಲ್ಲಿಂದ ಬಂತು ಮತ್ತ? ಆರೂವರಿ ಕೋಟಿ ವರ್ಷದ ಹಿಂದ ಉಕ್ಕಿದ ಲಾವಾ!"

ದಖ್ಖನ್ನಿನ ಎರೆಮಣ್ಣಿನ ಮಟ್ಟಿಗೆ ಈ ಮಾತನ್ನು ತೆಗೆದುಹಾಕುವಂತಿಲ್ಲ. ಆಳು ಮಾತ್ರ, ಅಷ್ಟು ಹಳೆಯ ಕೆಮ್ಮಿಗೆ ಗುಳಿಗೆ ನಾಟುವುದಿಲ್ಲವೆಂದು ತಿಳಿದು ಬೆಲ್ಲ, ಶುಂಠಿ ಅರೆದು ಕುಡಿದ.

ಮೊನ್ನೆ ರೈತನೊಬ್ಬ ಬೆಳೆವಿಮೆಯ ಕಾಗದ ಹಿಡಿದುಕೊಂಡು ನೇರ ಕಾಕಾನ ಹತ್ತಿರ ಬಂದ. ಇಷ್ಟು ಇಂಗ್ಲಿಷ್ ಬಲ್ಲವರು ಇನ್ನಾರಿದ್ದಾರೆ? ಕಾಕಾ ಚಾಳೀಸು ಏರಿಸಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಎಲ್ಲವೂ ಎರಡಕ್ಷರ, ಮೂರಕ್ಷರ, ಹೆಚ್ಚೆಂದರೆ ಏಳಕ್ಷರದವು. ಕಾಗದದ ಬೆನ್ನು ತಿರುಗಿಸಿದರು. ಅಲ್ಲಿ ಏನೂ ಇರಲಿಲ್ಲ.

"ಇದರಾಗ ಓದೂವಂಥಾ ಶಬ್ದನ ಇಲ್ಲಲ್ಲೋ" ಎಂದರು.

ಬದಿಗೆ ಬಸ್ಸಿಗೆ ಕಾಯುತ್ತಿದ್ದ ಎಂಟನೇ ಇಯತ್ತೆಯ ಹುಡುಗಿ ಇಣುಕಿದಳು. "ಕಾಕಾ, ಬ್ಯಾಂಕ್ ಖಾತೆಕ್ಕ ಆಧಾರ್ ಜೋಡಿಸಿಲ್ಲಂತ್ರಿ. ಅದಕ್ಕ ರೊಕ್ಕ ನಿಂತೈತಿ. ಜೋಡಿಸಿದ್ರ ಬರ್ತೈತಿ."

ರೈತ ಕಾಗದ ಮಡಚಿಕೊಂಡು ಹುಡುಗಿಯನ್ನೊಮ್ಮೆ, ಕಾಕಾನನ್ನೊಮ್ಮೆ ನೋಡಿದ.

"ಈ ಹುಡಿಗೀಗೆ ಸಣ್ಣ ಸಣ್ಣ ಶಬ್ದೆಲ್ಲಾ ಬರ್ತಾವ ನೋಡ್ರಿ ಕಾಕಾ."

"ಬರ್ಲಿ ಬಿಡೋ," ಎಂದರು ಕಾಕಾ, ಅವಳ ಪರವಾಗಿ ಸಮಾಧಾನ ಹೇಳುವ ದನಿಯಲ್ಲಿ. "ಇನ್ನೂ ಸಣ್ಣಾಕಿ. ದೊಡ್ಡಾಕಿ ಆದಮ್ಯಾಲೆ ದೊಡ್ಡವೂ ಬರ್ತಾವ."