ಪ್ರಶ್ನಾನಾಮೀಕರಣ ಮೀಮಾಂಸೆ

ಇಂಗ್ಲಿಷಿನಲ್ಲಿ ಪ್ರಶ್ನೆಯು ಪ್ರಶ್ನೆಯಾಗಿಯೇ ಉಳಿಯುವುದು ಶಿಷ್ಟರಿಗೆ ಸಮ್ಮತವಲ್ಲವಾದ ಕಾರಣ, ಅದನ್ನು ಹಿಡಿದು, ಪಳಗಿಸಿ, ನಾಮಪದದ ಆಸನದಲ್ಲಿ ಕೂರಿಸುವ ಶಾಸ್ತ್ರವನ್ನು ಇಲ್ಲಿ ಸಂಗ್ರಹಿಸಿದ್ದೇವೆ. ಹೈಸ್ಕೂಲು ಮೇಷ್ಟ್ರುಗಳು ಇದನ್ನು ಗ್ರಾಮ್ಯವಾಗಿ ‘ನೌನ್ ಕ್ಲಾಜು’ ಎನ್ನುವರು. ನಾವು ‘ಪ್ರಶ್ನಾರ್ಥಕಪದಪುರಸ್ಸರ ನಾಮೋಪವಾಕ್ಯ ನಿಷ್ಪತ್ತಿಪ್ರಕ್ರಿಯೆ’ ಎನ್ನುವೆವು. ಎರಡೂ ಒಂದೇ, ಎರಡನೆಯದಕ್ಕೆ ಡಾಕ್ಟರೇಟ್ ಸಿಗುತ್ತದೆ.

ಭಟ್ಟಾಕಳಂಕನು 1604ರಲ್ಲಿ ಕನ್ನಡಕ್ಕೆ ವ್ಯಾಕರಣ ಬರೆದಾಗ 592 ಸೂತ್ರಗಳನ್ನೂ ಸಂಸ್ಕೃತದಲ್ಲೇ ಬರೆದನು. ಒಂದು ಭಾಷೆಯ ಗುಟ್ಟನ್ನು ಅದನ್ನಾಡುವ ಜನಕ್ಕೆ ತಿಳಿಯದ ಮತ್ತೊಂದು ಭಾಷೆಯಲ್ಲಿ ಹೇಳುವ ಈ ಘನ ಪರಂಪರೆಗೆ ಶರಣಾಗಿ, ನಾವೂ ಇಂಗ್ಲಿಷಿನ ಗುಟ್ಟನ್ನು ಗೀರ್ವಾಣದಲ್ಲೇ ಒಪ್ಪಿಸುತ್ತೇವೆ. ಇಂಗ್ಲಿಷ್ ವ್ಯಾಕರಣ ಬರೆದ ನೆಸ್‌ಫೀಲ್ಡ್ ಮಹಾಶಯನಿಗೂ ರೆನ್ ಮತ್ತು ಮಾರ್ಟಿನ್ ಎಂಬ ಜೋಡಿ ಋಷಿಗಳಿಗೂ ಮೊದಲು ನಮಸ್ಕಾರ.

ಸೂತ್ರ 1: ಚಿಹ್ನಲೋಪಾತ್ ಪ್ರಶ್ನೋ ನಾಮ.

ವೃತ್ತಿ: ಪ್ರಶ್ನಾರ್ಥಕ ಚಿಹ್ನೆ ಉದುರಿದೊಡನೆ ಪ್ರಶ್ನೆಗೆ ನಾಮತ್ವ ಪ್ರಾಪ್ತವಾಗುತ್ತದೆ. ಹೂ, ಹೂಸ್, ವಾಟ್, ವಿಚ್, ವೆನ್, ವೇರ್, ವೈ, ಹೌ ಎಂಬಿವು ಅಷ್ಟದಿಗ್ಗಜಗಳು. ‘ಹೂಮ್’ ಸೇರಿಸಿ ಒಂಬತ್ತು ಎನ್ನುವ ಪಂಥವೊಂದಿತ್ತು. ಆ ಪಂಥದವರೆಲ್ಲ ನಿವೃತ್ತರಾಗಿದ್ದಾರೆ. ‘ಡು ಯು ನೋ ವೇರ್ ಹೀ ಈಸ್?’ ಎಂಬಲ್ಲಿ ಚಿಹ್ನೆ ಉಳಿದಿದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, ಆ ಚಿಹ್ನೆ ಹೊರಗಿನ ಯಜಮಾನ ವಾಕ್ಯದ್ದು, ಒಳಗಿನ ಆಳುವಾಕ್ಯದ್ದಲ್ಲ ಎಂದು ಬಾಯಿ ಮುಚ್ಚಿಸತಕ್ಕದ್ದು.

ಸೂತ್ರ 2: ಸಹಾಯಕಃ ಕರ್ತುಃ ಪರಃ.

ವೃತ್ತಿ: ಪ್ರಶ್ನೆಯಲ್ಲಿ ಕರ್ತೃವಿನ ಮುಂದೆ ಜಿಗಿದು ನಿಂತಿದ್ದ ಸಹಾಯಕ ಕ್ರಿಯಾಪದವು ನಾಮೀಕರಣದಲ್ಲಿ ತೆಪ್ಪಗೆ ಹಿಂದೆ ಹೋಗಿ ನಿಲ್ಲುತ್ತದೆ. ‘ವೇರ್ ಈಸ್ ಹೀ?’ ಎಂಬುದು ‘ಐ ನೋ’ ಎಂಬುದರ ಹಿಂದೆ ಬಂದಾಗ ‘ಐ ನೋ ವೇರ್ ಹೀ ಈಸ್’. ಋಷಿದ್ವಯರಲ್ಲಿ ಮೊದಲನೆಯವನಾದ ಪಿ. ಸಿ. ರೆನ್ನನು 1924ರಲ್ಲಿ ಫ್ರೆಂಚ್ ವಿದೇಶಿ ಪಡೆಯ ಸಿಪಾಯಿಗಳ ಕುರಿತು ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದವನು. ಪದಗಳಿಗೂ ಹೀಗೆ ಕವಾಯತು ಮಾಡಿಸುವ ಚಪಲ ಅಲ್ಲಿಂದಲೇ ಬಂತೇ ಎಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯವಾದ ವಿಷಯ.

ಸೂತ್ರ 3: ಡು-ಡಸ್-ಡಿಡಾಂ ಲೋಪಃ.

ವೃತ್ತಿ: ಪ್ರಶ್ನೆ ಕಟ್ಟಲೆಂದೇ ಕೂಲಿಗೆ ಬಂದ ಈ ಮೂವರನ್ನು ಕೆಲಸ ಮುಗಿದ ಮೇಲೆ ಮನೆಗೆ ಕಳಿಸಲಾಗುವುದು. ‘ವಾಟ್ ಡಿಡ್ ಹೀ ಸೇ?’ ಎಂಬುದು ‘ವಾಟ್ ಹೀ ಸೆಡ್’ ಆಗುತ್ತದೆ. ಡಿಡ್ ಎಂಬವನು ಹೋಗುವಾಗ ತನ್ನ ಭೂತಕಾಲವನ್ನು ಮುಖ್ಯ ಕ್ರಿಯಾಪದದ ಹೆಸರಿಗೆ ಉಯಿಲು ಬರೆದು ಹೋಗುತ್ತಾನೆ. ಡಸ್ ತನ್ನ ಬಾಲದ ಸಕಾರವನ್ನು ಬಿಟ್ಟು ಹೋಗುತ್ತಾನೆ. ಡು ಬರಿಗೈಯವನು, ಅವನ ಆಸ್ತಿಗೆ ತಕರಾರೇ ಇಲ್ಲ.

ಸೂತ್ರ 4: ಕರ್ತರಿ ನ.

ವೃತ್ತಿ: ಪ್ರಶ್ನಾರ್ಥಕ ಪದವೇ ಕರ್ತೃವಾಗಿದ್ದರೆ ಮೇಲಿನ ಎರಡು ಸೂತ್ರಗಳೂ ಅನ್ವಯಿಸವು. ‘ಹೂ ಬ್ರೋಕ್ ದ ಗ್ಲಾಸ್?’ ಒಳಗೆ ಹೋದರೂ ‘ಹೂ ಬ್ರೋಕ್ ದ ಗ್ಲಾಸ್’. ಎರಡು ಮತ್ತು ಮೂರನೇ ಸೂತ್ರಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಇಲ್ಲಿ ಏನನ್ನಾದರೂ ಅದಲುಬದಲು ಮಾಡಲೇಬೇಕೆಂದು ಒದ್ದಾಡಿ ಅಂಕ ಕಳೆದುಕೊಳ್ಳುವನು. ಈ ಸೂತ್ರದ ಪರಮ ಪ್ರಯೋಜನ ಅದೇ.

ಸೂತ್ರ 5: ಪಂಚ ಸ್ಥಾನಾನಿ.

ವೃತ್ತಿ: ಹೀಗೆ ಪಳಗಿದ ಉಪವಾಕ್ಯವು ಐದು ಪೀಠಗಳನ್ನು ಅಲಂಕರಿಸುತ್ತದೆ. ಒಂದು, ಕರ್ತೃಪೀಠ: ‘ವಾಟ್ ಹೀ ಸೆಡ್ ಈಸ್ ಟ್ರೂ’. ಎರಡು, ಕರ್ಮಪೀಠ: ಮೇಲೆ ಕಂಡಂತೆ. ಮೂರು, ಪೂರಕಪೀಠ: ‘ದ ಪ್ರಾಬ್ಲಮ್ ಈಸ್ ಹೌ ವಿ ಗೋ’. ಉಳಿದೆರಡನ್ನು ಯಾವ ಗೈಡಿನಲ್ಲಾದರೂ ನೋಡಿಕೊಳ್ಳಿ, ಎಲ್ಲದರಲ್ಲೂ ಒಂದೇ ಉದಾಹರಣೆ ಇರುತ್ತದೆ.

ಪೂರ್ವಪಕ್ಷ: ‘ಐ ಆಸ್ಕ್ಡ್ ವಾಟ್ ಶೀ ಕುಕ್ಡ್’, ‘ಐ ಏಟ್ ವಾಟ್ ಶೀ ಕುಕ್ಡ್’. ಎರಡರಲ್ಲೂ ‘ವಾಟ್ ಶೀ ಕುಕ್ಡ್’ ಇದೆ. ಎರಡೂ ಒಂದೆಯೋ? ಅಲ್ಲ. ಮೊದಲನೆಯದು ಪ್ರಶ್ನೆ, ಎರಡನೆಯದು ಅನ್ನ. ಅವಳು ಏನು ಅಡುಗೆ ಮಾಡಿದಳೆಂದು ಕೇಳಬಹುದು, ಆದರೆ ಕೇಳಿದ್ದನ್ನು ತಿನ್ನಲಾಗದು. ಈ ಅನ್ನರೂಪಿಗೆ 1985ರಲ್ಲಿ ವೈಯಾಕರಣ ಕ್ವರ್ಕ್ ಮತ್ತು ಸಂಗಡಿಗರು ‘ನಾಮಿನಲ್ ರೆಲೆಟಿವ್’ ಎಂದರು. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ‘ಫ್ಯೂಸ್ಡ್ ರೆಲೆಟಿವ್’ ಎಂದರು. ಚಾಮ್ಸ್‌ಕಿ ಮಠದವರು ‘ಫ್ರೀ ರೆಲೆಟಿವ್’ ಎನ್ನುತ್ತಾರೆ. ಅನ್ನ ಆರಿ ಹೋಯಿತು. ನಮ್ಮ ಗೈಡುಗಳಲ್ಲಿ ಮಾತ್ರ ಎರಡೂ ಇನ್ನೂ ಒಂದೇ ಡಬ್ಬಿಯಲ್ಲಿವೆ. ನಿಜವಾಗಿ ಕಲಿಸಬೇಕಾಗಿದ್ದ ವ್ಯತ್ಯಾಸ ಇದೊಂದೇ ಆಗಿತ್ತು.

ಸೂತ್ರ 6: ಅನುಲೋಮ-ಪ್ರತಿಲೋಮ... ಇದನ್ನು ಕೈಬಿಡೋಣ.

ಯಾಕೆಂದರೆ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಸರ್ಕಾರಿ ಶಾಲೆಯಲ್ಲಿ 2007-08ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ. ಹೂವಿನಹಡಗಲಿ ಕಡೆಯ ಹುಡುಗ ಹತ್ತು ವರ್ಷ ಕಲಿತು ‘ಐ ಡೋಂಟ್ ನೋ ವೇರ್ ಈಸ್ ಹೀ’ ಅಂತಾನೆ. ಯಾಕೆ ಅಂತಾನೆ? ಅವನ ಕನ್ನಡದಲ್ಲಿ ‘ಎಲ್ಲಿದಾನೆ?’ ಅನ್ನೋ ಪ್ರಶ್ನೆ ‘ಎಲ್ಲಿದಾನೆ ಅಂತ ಗೊತ್ತಿಲ್ಲ’ ಅನ್ನುವಾಗಲೂ ಇದ್ದ ಹಾಗೇ ಇರುತ್ತೆ, ಒಂದು ಪದ ಜರುಗೋದಿಲ್ಲ. ‘ವೇರ್ ಈಸ್ ಹೀ’ ಅನ್ನೋದನ್ನ ಕಷ್ಟಪಟ್ಟು ಒಂದು ತುಂಡಾಗಿ ಕಲಿತಿದ್ದ. ತುಂಡನ್ನು ಮುರಿಯದೆ ಒಳಗಿಟ್ಟ. ಇದರಲ್ಲಿ ದಡ್ಡತನ ಎಲ್ಲಿದೆ? ಐರ್ಲೆಂಡಿನವರೂ ಎಷ್ಟೋ ಕಡೆ ಹೀಗೇ ಮಾತಾಡುತ್ತಾರೆ. ಅವರು ಆಡಿದರೆ ಅದು ಉಪಭಾಷೆ, ವಿದ್ವಾಂಸರು ರೆಕಾರ್ಡರ್ ಹಿಡಿದು ಬರುತ್ತಾರೆ. ಇವನು ಆಡಿದರೆ ಕೆಂಪು ಇಂಕು.

‘ಸರ್, ಈಸ್ ಯಾಕೆ ಹಿಂದಕ್ಕೆ ಹೋಗ್ಬೇಕು?’ ಅಂತ ಅವನು ಕೇಳಿರುತ್ತಾನೆ, ಕೇಳದೆ ಇರುವುದಿಲ್ಲ. ಉತ್ತರ ನಿಮಗೂ ಗೊತ್ತು. ‘ಅದು ರೂಲ್ಸು. ಕೂತ್ಕೋ.’ ಪಾಪ, ಆ ಮೇಷ್ಟ್ರು ಗಣಿತ ಪಾಠ ಮಾಡಲು ನೇಮಕವಾದವರು. ಇಂಗ್ಲಿಷ್ ಹುದ್ದೆ ಖಾಲಿ ಎಂದು ಅವರ ತಲೆಗೆ ಕಟ್ಟಿದ್ದಾರೆ.

ಕೆಲಸದ ಸಂದರ್ಶನವೊಂದರಲ್ಲಿ ಮೇಜಿನ ಈಚೆ ನಾನೂ ಕೂತಿದ್ದೆ. ಕೂಡ್ಲಿಗಿ ಹತ್ತಿರದ ಹಳ್ಳಿಯ ಹುಡುಗಿ, ಡಿಪ್ಲೊಮಾ ಆಗಿತ್ತು, ಫೈಲನ್ನು ಎದೆಗೆ ಒತ್ತಿಕೊಂಡಿದ್ದಳು. ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿದಳು. ಕೊನೆಗೆ ನಿಮಗೇನಾದರೂ ಕೇಳುವುದಿದೆಯೇ ಅಂದಾಗ ‘ಮೇ ಐ ನೋ ವಾಟ್ ಈಸ್ ದ ಸ್ಯಾಲರಿ?’ ಅಂದಳು. ಪಕ್ಕದಲ್ಲಿದ್ದ ಮಹನೀಯರು ಪೆನ್ನಿನ ಕ್ಯಾಪು ಹಾಕಿ, ನಗುತ್ತಾ, ‘ವಾಟ್ ದ ಸ್ಯಾಲರಿ ಈಸ್’ ಎಂದು ತಿದ್ದಿದರು. ಅವಳು ಹಾಗೇ ತಿರುಗಿ ಹೇಳಿದಳು. ‘ಗುಡ್’ ಅಂದರು. ಸಂಬಳ ಎಷ್ಟು ಅಂತ ಮಾತ್ರ ಯಾರೂ ಹೇಳಲಿಲ್ಲ. ಮುಂದಿನವರನ್ನು ಕರೆದರು.

ಇಂಗ್ಲಿಷೊಂದನ್ನೇ ಬೈದರೆ ಅನ್ಯಾಯವಾದೀತು. ಪ್ರಶ್ನಾನಾಮೀಕರಣದಲ್ಲಿ ನಮ್ಮ ಕಚೇರಿ ಕನ್ನಡ ಇಂಗ್ಲಿಷಿಗಿಂತ ಒಂದು ಕೈ ಮೇಲು. ಮುದುಕಿಯೊಬ್ಬಳು ಕಿಟಕಿಗೆ ಬಂದು ‘ಮೂರು ತಿಂಗಳಿಂದ ಪಿಂಚಣಿ ಯಾಕ್ ಬಂದಿಲ್ಲಪ್ಪ?’ ಎನ್ನುತ್ತಾಳೆ. ಹಿಂಬರಹ ಬರುತ್ತದೆ: ‘ಮೂರು ತಿಂಗಳುಗಳಿಂದ ಪಿಂಚಣಿ ಏಕೆ ಪಾವತಿಯಾಗಿಲ್ಲ ಎಂಬುದನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಅವಳ ಮಾತೆಲ್ಲ ಅದರಲ್ಲಿದೆ. ಮುದುಕಿಯೂ ಅವಳ ‘ಅಪ್ಪ’ನೂ ಪ್ರಶ್ನಾರ್ಥಕ ಚಿಹ್ನೆಯೂ ಬಿಟ್ಟುಹೋಗಿವೆ, ಅಷ್ಟೆ. ‘ತಪ್ಪಿತಸ್ಥರು ಯಾರು ಎಂಬುದು ತನಿಖೆಯಿಂದ ತಿಳಿಯಲಿದೆ’ ಎನ್ನುವ ಮಂತ್ರಿಗಳು ರೆನ್ ಮತ್ತು ಮಾರ್ಟಿನ್ ಓದಿದವರೇನಲ್ಲ. ಮೊದಲ ಸೂತ್ರ ಅವರಿಗೆ ರಕ್ತಗತ.

ಗ್ರಂಥದ ನಿಯಮದಂತೆ ಕೊನೆಯಲ್ಲಿ ಅಭ್ಯಾಸ ಕೊಡತಕ್ಕದ್ದು.

ಅಭ್ಯಾಸ: ಕೆಳಗಿನ ಪ್ರಶ್ನೆಗಳನ್ನು ನಾಮೋಪವಾಕ್ಯಗಳನ್ನಾಗಿ ಪರಿವರ್ತಿಸಿ.

ಅ) ನಮ್ಮ ಶಾಲೆಗೆ ಇಂಗ್ಲಿಷ್ ಮೇಷ್ಟ್ರು ಯಾವಾಗ ಬರುತ್ತಾರೆ?
ಆ) ಸಂಬಳ ಎಷ್ಟು?
ಇ) ‘ಈಸ್’ ಯಾಕೆ ಹಿಂದಕ್ಕೆ ಹೋಗಬೇಕು?
ಈ) ಅಜ್ಜಿಯ ದುಡ್ಡು ಎಲ್ಲಿ ಹೋಯಿತು?

(ಪ್ರತಿಯೊಂದಕ್ಕೂ 2 ಅಂಕ. ಉತ್ತರ ಹೇಳಿದವರಿಗೆ ಅಂಕ ಕಳೆಯಲಾಗುವುದು.)