ಮದುವೆ ವಿಡಿಯೊ ಕುಗ್ಗಿಸುವ ಕೈಪಿಡಿ

ಅಭಿನಂದನೆಗಳು. ಮನೆಯಲ್ಲಿ ಕಂಪ್ಯೂಟರ್ ಬಲ್ಲವರು ನೀವೊಬ್ಬರೇ ಆದ್ದರಿಂದ ತಂಗಿಯ ಮದುವೆ ವಿಡಿಯೊ ಎಡಿಟ್ ಮಾಡುವ ಭಾಗ್ಯ ನಿಮ್ಮ ಪಾಲಿಗೆ ಬಂದಿದೆ. 20 ನಿಮಿಷದ ಚಿತ್ರ ಸಿದ್ಧ, ತೂಕ 11 ಜಿಬಿ. ‘ವಾಟ್ಸ್ಯಾಪ್‌ಗೆ ಹಾಕ್ಬಿಡೋ’ ಎಂದು ದೊಡ್ಡಪ್ಪ ಅಪ್ಪಣೆ ಕೊಡಿಸಿಯಾಗಿದೆ. ಎಕ್ಸ್‌ಪೋರ್ಟ್ ಒತ್ತುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಯಾರೂ ಓದುವುದಿಲ್ಲವೆಂದು ಗೊತ್ತು, ಆದರೂ ಹೀಗೆ ಬರೆಯುವುದು ಪದ್ಧತಿ.

ಹಂತ 1: ಮಗ್ಗಿ ನೆನಪಿಸಿಕೊಳ್ಳಿ. ಫೈಲಿನ ಗಾತ್ರವೆಂದರೆ ಬಿಟ್‌ರೇಟ್ ಗುಣಿಸು ಅವಧಿ, ಅಷ್ಟೇ. ಸೆಕೆಂಡಿಗೆ 8 ಮೆಗಾಬಿಟ್ ಎಂದರೆ 1 ಮೆಗಾಬೈಟ್. 20 ನಿಮಿಷಕ್ಕೆ 1,200 ಎಂಬಿ. 4 ಮೆಗಾಬಿಟ್‌ಗೆ ಇಳಿಸಿದರೆ 600. ಸೆಟ್ಟಿಂಗ್ಸ್ ಪರದೆಯ ಮಿಕ್ಕ ಗುಂಡಿಗಳೆಲ್ಲ ಇರುವುದು, ಇಷ್ಟು ಕಡಿಮೆ ಬಿಟ್‌ನಲ್ಲೂ ಮದುಮಗಳ ಮುಖ ಮದುಮಗಳ ಮುಖದಂತೆಯೇ ಕಾಣಲಿ ಎಂದು.

ಹಂತ 2: 4ಕೆ ಆಸೆ ಬಿಡಿ. ಅದರಲ್ಲಿ 1080ಪಿಗಿಂತ ನಾಲ್ಕು ಪಟ್ಟು ಪಿಕ್ಸೆಲ್‌ಗಳಿವೆ. ದೊಡ್ಡಪ್ಪನ ಮೊಬೈಲು ಅಂಗೈಯಗಲ. 1080ಪಿಯಲ್ಲಿ ತೆಗೆದದ್ದನ್ನು 4ಕೆಗೆ ಹಿಗ್ಗಿಸಿದರೆ ಫೈಲು ಉಬ್ಬುತ್ತದೆ, ಚಿತ್ರದ ವಿವರ ಹೆಚ್ಚುವುದಿಲ್ಲ.

ಹಂತ 3: ಕೋಡೆಕ್, ಅಂದರೆ ವಿಡಿಯೊ ಕುಗ್ಗಿಸುವ ವಿಧಾನ. 2003ರ ಎಚ್.264, 2013ರ ಎಚ್.265, 2018ರ ಎವಿ1. ಎಚ್.265 ಸುಮಾರು ಅರ್ಧ ಗಾತ್ರದಲ್ಲಿ ಅದೇ ಗುಣಮಟ್ಟ ಕೊಡುತ್ತದೆ, ನಿಜ. ಆದರೆ ಅತ್ತೆಯ ಮನೆಯ ಹಳೇ ಟಿವಿಯಲ್ಲಿ ಪರದೆ ಕಪ್ಪಾಗಿ ಬರೀ ನಾದಸ್ವರ ಕೇಳಿದರೆ ಫೋನ್ ಬರುವುದು ನಿಮಗೇ. ಎವಿ1 ಆರಿಸಿದಿರೋ, ನಿಮ್ಮ ಹಳೇ ಲ್ಯಾಪ್‌ಟಾಪ್ ಕೆಲಸ ಮುಗಿಸುವಷ್ಟರಲ್ಲಿ ಸೀಮಂತದ ವಿಡಿಯೊ ಬಂದು ಕೂತಿರುತ್ತದೆ. ಬಂಧುವರ್ಗಕ್ಕೆ ಎಚ್.264, ಎಂಪಿ4. ಚರ್ಚೆ ಬೇಡ.

ಹಂತ 4: ಅಕ್ಷತೆ ಅಪಾಯ. ಎನ್‌ಕೋಡರ್ ಪ್ರತಿ ಫ್ರೇಮನ್ನೂ ಹೊಸದಾಗಿ ಬರೆಯುವುದಿಲ್ಲ. ಹಿಂದಿನದಕ್ಕಿಂತ ಬದಲಾದದ್ದನ್ನು ಮಾತ್ರ ಬರೆದುಕೊಳ್ಳುತ್ತದೆ. ಪುರೋಹಿತರು ಅಲುಗಾಡದೆ ಮಂತ್ರ ಹೇಳುತ್ತಿರುವಷ್ಟು ಹೊತ್ತೂ ಅದಕ್ಕೆ ಪರಮಸುಖ. ಅಷ್ಟರಲ್ಲಿ ‘ಗಟ್ಟಿಮೇಳ!’ ನಾನೂರು ಕೈಗಳಿಂದ ಅಕ್ಕಿಕಾಳು ಹಾರುತ್ತವೆ. ಪ್ರತಿ ಕಾಳೂ ಬದಲಾವಣೆ. ಬಿಟ್‌ರೇಟ್ ಒಂದೇ ಸಮ ಇಟ್ಟಿದ್ದರೆ ಸರಿಯಾಗಿ ಮಾಂಗಲ್ಯಧಾರಣೆಯ ಹೊತ್ತಿಗೇ ವಧೂವರರು ಚೌಕಚೌಕವಾಗುತ್ತಾರೆ. ಆದ್ದರಿಂದ ಬಿಟ್‌ರೇಟನ್ನು ಏರಿಳಿಯಲು ಬಿಡಿ, ಜತೆಗೆ ಟೂ-ಪಾಸ್ ಆರಿಸಿ. ಮೊದಲ ಸುತ್ತಿನಲ್ಲಿ ಅದು ಇಡೀ ಮದುವೆ ನೋಡಿ, ಎರಡನೆಯದರಲ್ಲಿ ಮಂತ್ರದ ಬಳಿ ಉಳಿಸಿ ಅಕ್ಷತೆಯ ಬಳಿ ಖರ್ಚು ಮಾಡುತ್ತದೆ. ಗಾತ್ರ ಹೆಚ್ಚುಕಡಿಮೆಯಾದರೂ ಪರವಾಗಿಲ್ಲ ಎನ್ನುವವರು ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಗುಣಮಟ್ಟದ ಅಂಕಿಯನ್ನೇ ಹಿಡಿಯಬಹುದು. ಎಚ್.264ಕ್ಕೆ 20ರಿಂದ 23 ಸಾಕು. ಅಂಕಿ 6 ಏರಿದರೆ ಗಾತ್ರ ಹೆಚ್ಚುಕಮ್ಮಿ ಅರ್ಧವಾಗುತ್ತದೆ, ಚಿತ್ರವೂ ಸೊರಗುತ್ತದೆ.

ಮಬ್ಬು ಬೆಳಕಿನ ಛತ್ರದಲ್ಲಿ ತೆಗೆದ ದೃಶ್ಯದ ಕಾಳುಕಾಳು ನಾಯ್ಸೂ ಎನ್‌ಕೋಡರ್ ಕಣ್ಣಿಗೆ ಅಕ್ಷತೆಯೇ. ಮೊದಲು ಅದನ್ನು ತೊಳೆಯಿರಿ. ಹಾಗೆಯೇ ನೀವು ಆಸೆಪಟ್ಟು ಸುರಿಸಿದ ಗುಲಾಬಿ ದಳಗಳ ಎಫೆಕ್ಟನ್ನೂ.

ಹಂತ 5: ಓಲಗ. ಕುಗ್ಗಿಸದ ಸ್ಟೀರಿಯೊ ಧ್ವನಿ 20 ನಿಮಿಷಕ್ಕೆ ಸುಮಾರು 230 ಎಂಬಿ ನುಂಗುತ್ತದೆ. 128 ಕಿಲೋಬಿಟ್‌ನ ಎಎಸಿಯಲ್ಲಿ 20 ಎಂಬಿಯೊಳಗೆ ಮುಗಿಯುತ್ತದೆ.

ಹಂತ 6: ಕತ್ತರಿ. ಗಾತ್ರ ಇಳಿಸಲು ಇದಕ್ಕಿಂತ ಒಳ್ಳೆಯ ಸೆಟ್ಟಿಂಗ್ ಇನ್ನೂ ಬಂದಿಲ್ಲ. 4 ಮೆಗಾಬಿಟ್‌ನಲ್ಲಿ ನಿಮಿಷಕ್ಕೆ 30 ಎಂಬಿ. ಊಟದ ಪಂಕ್ತಿಯ ಏಳು ನಿಮಿಷ ತೆಗೆದರೆ 210 ಎಂಬಿ ಲಾಭ. ಆ ಪಂಕ್ತಿಯಲ್ಲಿ ಸೋದರಮಾವ ಕೂತಿದ್ದರೆ ಮುಂದಿನ ಪರಿಣಾಮಗಳು ಗ್ಯಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ.

ಕಳಿಸುವಾಗ ‘ಡಾಕ್ಯುಮೆಂಟ್’ ಎಂದೇ ಕಳಿಸಿ. ವಿಡಿಯೊ ಎಂದು ಹಾಕಿದರೆ ವಾಟ್ಸ್ಯಾಪ್ ತಾನೂ ಒಮ್ಮೆ ಹಿಂಡುತ್ತದೆ. ಪೂರ್ತಿ ಎಕ್ಸ್‌ಪೋರ್ಟ್‌ಗೆ ಮೊದಲು ಗಟ್ಟಿಮೇಳದ ಅರ್ಧ ನಿಮಿಷವನ್ನಷ್ಟೇ ತೆಗೆದು ನೋಡಿ. ಮೂಲ ಫೈಲುಗಳನ್ನು ಮಾತ್ರ ದಯವಿಟ್ಟು ಅಳಿಸಬೇಡಿ. ಕುಗ್ಗಿಸಿದ ಪ್ರತಿಯಿಂದ ಅವನ್ನು ಮರಳಿ ಪಡೆಯುವ ಗುಂಡಿ ಯಾವ ತಂತ್ರಾಂಶದಲ್ಲೂ ಇಲ್ಲ.