ಕಾವಿಗೆ ಕೂಡುವವರು

ತ್ರಿಶಂಕು ಎಂದರೆ ನಮಗೆಲ್ಲ ಅಯ್ಯೋ ಪಾಪ. ಮೇಲಿನಿಂದ ಇಂದ್ರ ನೂಕಿದ, ಕೆಳಗಿನಿಂದ ವಿಶ್ವಾಮಿತ್ರ ತಡೆದ. ನಡುವೆ ಸಿಕ್ಕಿಕೊಂಡವನ ಗತಿ ಕೇಳುವವರಿಲ್ಲ. ಆದರೆ ಕೆಲವು ಭೌತವಿಜ್ಞಾನಿಗಳ ಪಾಲಿಗೆ ಆ ಗತಿಯೇ ಸದ್ಗತಿ. ಕೂದಲೆಳೆಯ ದಪ್ಪದ ಎರಡು ಪ್ಲಾಸ್ಟಿಕ್ ಕಣಗಳನ್ನು ಗಾಳಿಯಲ್ಲಿ ನಿಲ್ಲಿಸಿ, ಕಾಯಿಸಿ, ಅವು ಒಂದಾಗುವುದನ್ನು ಕಣ್ಣು ಮಿಟುಕಿಸದೆ ನೋಡುವವರಿದ್ದಾರೆ.

ಕೆಲಸವಿಲ್ಲದ ಬಡಗಿಯ ಗಾದೆ ನೆನಪಾದರೆ ತಡೆದುಕೊಳ್ಳಿ. 1980ರ ದಶಕದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಕಾರ್ಲ್ ಡೆಕಾರ್ಡ್ ಪುಡಿಯನ್ನು ತೆಳ್ಳಗೆ ಹರಡಿ, ಲೇಸರಿನಿಂದ ಕಾಯಿಸಿ, ಪದರದ ಮೇಲೆ ಪದರ ಬೆಸೆದು ವಸ್ತುಗಳನ್ನು ಮಾಡುವ ವಿದ್ಯೆ ಕಂಡುಹಿಡಿದರು. ಇಂದು ಅದಕ್ಕೆ ಹೆಚ್ಚಾಗಿ ಬಳಸುವುದು ನೈಲಾನ್ ಪುಡಿ. ಕಣಗಳು ಅರೆಮನಸ್ಸಿನಿಂದ ಕೂಡಿದರೆ ನಡುವೆ ಸಂದು ಉಳಿದು ವಸ್ತು ಸೊರಗುತ್ತದೆ. ಬಿಸಿ ತಟ್ಟೆಯ ಮೇಲಿಟ್ಟು ಪರೀಕ್ಷಿಸೋಣವೆಂದರೆ, ಕರಗಿದ ಕಣ ಪಕ್ಕದವನನ್ನು ಬಿಟ್ಟು ತಟ್ಟೆಗೇ ಅಂಟಿಕೊಳ್ಳುತ್ತದೆ. ಆದ್ದರಿಂದ ಆಧಾರವನ್ನೇ ತೆಗೆದುಬಿಡಬೇಕು.

ಎತ್ತಿ ಹಿಡಿಯಲು ಶಬ್ದದ ಅಲೆಯೂ ಆಗುತ್ತದೆ, ಬೆಳಕೂ ಆಗುತ್ತದೆ. 1971ರಲ್ಲಿ ಬೆಲ್ ಲ್ಯಾಬ್ಸ್‌ನ ಆರ್ಥರ್ ಆಶ್‌ಕಿನ್ ಗಾಜಿನ ಪುಟ್ಟ ಗೋಲಿಯೊಂದನ್ನು ಬರೀ ಲೇಸರಿನಿಂದ ಗಾಳಿಯಲ್ಲಿ ನಿಲ್ಲಿಸಿದರು. ಬೆಳಕಿನ ಚಿಮಟಕ್ಕಾಗಿ ಅವರಿಗೆ ನೊಬೆಲ್ ಬಂದದ್ದು 2018ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ. ಬೆಳಕಿಗಿಂತ ಸಮಿತಿಗಳ ವೇಗ ತುಸು ಕಡಿಮೆ.

ಕೂಡುವ ಲೆಕ್ಕವನ್ನು ರಷ್ಯಾದ ಯಾಕೊವ್ ಫ್ರೆಂಕೆಲ್ 1945ರಲ್ಲೇ ಹಾಕಿಟ್ಟಿದ್ದರು. ಮೇಲ್ಮೈ ಎಳೆತ ಕಣಗಳನ್ನು ‘ಬೇಗ, ಬೇಗ’ ಎಂದು ತಳ್ಳುತ್ತದೆ, ಸ್ನಿಗ್ಧತೆ ‘ಅವಸರವೇನು?’ ಎಂದು ಕಾಲೆಳೆಯುತ್ತದೆ. ಮೊದಲು ನಡುವೆ ಸಣ್ಣದೊಂದು ಕತ್ತು ಮೂಡಿ, ದಪ್ಪಗಾಗುತ್ತ, ಕೊನೆಗೆ ಎರಡೂ ಸೇರಿ ಒಂದೇ ಉಂಡೆ. ಕಣ ಹತ್ತು ಪಟ್ಟು ದೊಡ್ಡದಾದರೆ ಹತ್ತು ಪಟ್ಟು ಹೊತ್ತು ಬೇಕು. ದೊಡ್ಡವರು ಕೂಡುವುದು ಯಾವತ್ತೂ ನಿಧಾನವೇ. ಕಾವು ಏರಿದರೆ ಸ್ನಿಗ್ಧತೆ ಇಳಿದು ಕೆಲಸ ಸಲೀಸು.

ನನಗೆ ಹಿಡಿಸಿದ್ದು ಕೊನೆಯ ಲೆಕ್ಕ. ಸಮನಾದ ಎರಡು ಕಣಗಳು ಒಂದಾದಾಗ ಒಳಗಿನ ಸರಕು ಅಷ್ಟೇ ಇರುತ್ತದೆ. ಹೊರಗೆ ತೋರುವ ಮೈ ಮಾತ್ರ ಶೇಕಡಾ 20ರಷ್ಟು ಕಡಿಮೆಯಾಗುತ್ತದೆ. ಅಂದರೆ ಕೂಡುವವರು ಕೊಂಚ ಮೆರವಣಿಗೆ ಬಿಟ್ಟುಕೊಡಬೇಕು. ನಮ್ಮ ಬಡಾವಣೆಯ ಎರಡು ಸಂಘಗಳನ್ನು ಒಂದು ಮಾಡಲು ಕರೆದ ಸಭೆಯಲ್ಲಿ ಕಾವಿಗೇನೂ ಕೊರತೆ ಇರಲಿಲ್ಲ. ಆದರೆ ಅಧ್ಯಕ್ಷರಿಬ್ಬರೂ ಕುರ್ಚಿಗೇ ಅಂಟಿಕೊಂಡರು. ಸಭೆ ಮುಗಿಯುವಷ್ಟರಲ್ಲಿ ಸಂಘಗಳು ಮೂರಾಗಿದ್ದವು.